15 ನಿಮಿಷ, 250 ಪದ

ನನ್ನ ಗೂಗಲ್ ಡ್ರೈವ್‌ನಲ್ಲಿ ಒಂದು ಫೈಲ್ ಇದೆ. ಹೆಸರು ‘ಕಾದಂಬರಿ ಫೈನಲ್’. ಒಳಗಡೆ ಇರೋದು 11 ಪುಟ. ಫೈನಲ್ ಅಂತ ಯಾಕೆ ಹೆಸರಿಟ್ಟೆನೋ ಗೊತ್ತಿಲ್ಲ. ಅಸೈನ್‌ಮೆಂಟ್ ಫೈಲ್‌ಗಳಿಗೆಲ್ಲ ಹಾಗೇ ಹೆಸರಿಟ್ಟು ಅಭ್ಯಾಸ ಆಗಿತ್ತು, ಅಷ್ಟೇ ಇರಬೇಕು.

ಮೊದಲನೇ ವರ್ಷ ಮುಗಿದ ರಜೆಯಲ್ಲಿ ನಾಲ್ಕು ರಾತ್ರಿ ಕೂತು ಆ 11 ಪುಟ ಬರೆದೆ. ರಾತ್ರಿ ಎರಡು ಗಂಟೆವರೆಗೆ ಲೈಟ್ ಹಾಕ್ಕೊಂಡು ಕೂತಿದ್ದಕ್ಕೆ ಅಮ್ಮನ ಹತ್ರ ಬೈಸಿಕೊಂಡೆ. ನಾನೂ ಒಬ್ಬ ಲೇಖಕಿ ಅನ್ನಿಸಿತ್ತು. ಐದನೇ ರಾತ್ರಿ ಮೂಡ್ ಬರಲಿಲ್ಲ. ಆರನೇ ರಾತ್ರಿ ಅಜ್ಜಿ ಮನೆಗೆ ಹೋಗೋದಿತ್ತು. ಆಮೇಲೆ ಕಾಲೇಜು ಶುರುವಾಯ್ತು. ಮತ್ತೆ ಆ ಫೈಲ್ ಓಪನ್ ಮಾಡಿದ್ದು ಆರು ತಿಂಗಳ ನಂತರ, ಅದೂ ಬರೆಯೋದಕ್ಕಲ್ಲ, ಡಿಲೀಟ್ ಮಾಡೋದಕ್ಕೆ.

ಯಾಕಂದ್ರೆ ಜನವರಿಯಲ್ಲಿ ಮೂರನೇ ಸೆಮ್ ರಿಸಲ್ಟ್ ಬಂತು, ಮ್ಯಾಥ್ಸ್ ಹೋಗಿತ್ತು.

ಇಲ್ಲಿ ನಮ್ಮ ಮನೆ ಬಗ್ಗೆ ಸ್ವಲ್ಪ ಹೇಳಬೇಕು. ನಮ್ಮದು ಕಡೂರು. ಅಪ್ಪನದು ಮೋಟರ್ ವೈಂಡಿಂಗ್ ಅಂಗಡಿ. ಬೇಸಿಗೆಯಲ್ಲಿ ಬೋರ್‌ವೆಲ್ ಮೋಟರುಗಳು ಒಂದರ ಹಿಂದೆ ಒಂದು ಸುಟ್ಟು ಬರ್ತವೆ. ಅಪ್ಪ ಹಳೇ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡ್ತಾರೆ. ನಾನು ಇಂಜಿನಿಯರಿಂಗ್‌ನಲ್ಲಿ ಎಲೆಕ್ಟ್ರಿಕಲ್ ತಗೊಂಡಿದ್ದು ಅಪ್ಪನಿಗೆ ಎಷ್ಟು ಹೆಮ್ಮೆ ಅಂದ್ರೆ, ಅಂಗಡಿಗೆ ಬಂದ ರೈತರಿಗೆಲ್ಲ ಮೋಟರ್ ಕೊಡೋ ಮುಂಚೆ ಆ ಸುದ್ದಿ ಕೊಡೋರು. ಬ್ಯಾಂಕ್ ಲೋನಿಗೆ ಸಹಿ ಹಾಕಿದ್ದೂ ಅವರೇ.

ರಿಸಲ್ಟ್ ದಿನ ಫೋನ್ ಮಾಡಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: “ನಾನು ಫೀಸ್ ಕಟ್ಟಿದ್ದು ಇಂಜಿನಿಯರಿಂಗಿಗೋ, ಕಥೆ ಬರೆಯೋಕೋ?”

ಅಮ್ಮ ಹೇಳಿಬಿಟ್ಟಿದ್ದಳು ಅಂತ ಗೊತ್ತಾಯ್ತು. ನನಗೆ ಅಳು ಬಂದಿದ್ದು ಬೈದಿದ್ದಕ್ಕಲ್ಲ. ನಿಜ ಏನಂದ್ರೆ ಆ ಆರು ತಿಂಗಳಲ್ಲಿ ನಾನು ಒಂದು ಸಾಲೂ ಬರೆದಿರಲಿಲ್ಲ. ಕಥೆ ಬರೆದು ಫೇಲ್ ಆಗಿದ್ದರೆ ಒಂದು ಮರ್ಯಾದೆಯಾದರೂ ಇರ್ತಿತ್ತು. ನಾನು ಕಥೆಯನ್ನೂ ಬರೆದಿರಲಿಲ್ಲ, ಮ್ಯಾಥ್ಸನ್ನೂ ಓದಿರಲಿಲ್ಲ. ಎರಡಕ್ಕೂ ಒಂದು ‘ಒಳ್ಳೇ ರಾತ್ರಿ’ ಬರುತ್ತೆ ಅಂತ ಕಾಯ್ತಾ ಕೂತಿದ್ದೆ.

“ಇನ್ನು ಕಥೆ ಗಿಥೆ ಎಲ್ಲಾ ಬಿಡು. ಬರೆದ್ರೆ ಹೊಟ್ಟೆ ತುಂಬುತ್ತಾ?” ಅಂದರು ಅಪ್ಪ. ನಾನು ಉತ್ತರ ಕೊಡಲಿಲ್ಲ. ಉತ್ತರ ಗೊತ್ತೂ ಇರಲಿಲ್ಲ.

*

ಡಿಲೀಟ್ ಮಾಡೋ ಮುಂಚೆ ಒಂದು ಸಲ ತಿಳ್ಕೊಳ್ಳೋಣ ಅನ್ನಿಸ್ತು. ಕಾದಂಬರಿ ಬರೆದವರಿಗೆ ನಿಜವಾಗ್ಲೂ ಹೊಟ್ಟೆ ತುಂಬ್ತಾ? ಅವರು ಯಾವಾಗ ಬರೀತಿದ್ರು? ಅವರಿಗೂ ಐದನೇ ರಾತ್ರಿ ಮೂಡ್ ಹೋಗ್ತಿತ್ತಾ? ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ, ಹಾಗಾಗಿ ಹುಡುಕಿದ್ದೂ ಮೊದಲು ಇಂಗ್ಲಿಷ್‌ನಲ್ಲೇ. ಹಾಗೆ ಸಿಕ್ಕಿದವನು ಆಂಥನಿ ಟ್ರೊಲೋಪ್.

ಟ್ರೊಲೋಪ್ 19ನೇ ಶತಮಾನದ ಇಂಗ್ಲೆಂಡಿನವನು. ಅವನ ಕಾದಂಬರಿ ಒಂದನ್ನೂ ನಾನು ಓದಿಲ್ಲ, ಓದಿದ್ದು ಅವನ ಆತ್ಮಕಥೆ ಮಾತ್ರ. ಕಾಪಿರೈಟ್ ಮುಗಿದ ಪುಸ್ತಕ, ಫೋನಿನಲ್ಲಿ ಫ್ರೀಯಾಗಿ ಸಿಗುತ್ತೆ. ಅವನು ಅಂಚೆ ಇಲಾಖೆಯಲ್ಲಿ ನೌಕರ. 1834ರಲ್ಲಿ, ಹೆಚ್ಚೂಕಡಿಮೆ ನಮ್ಮ ವಯಸ್ಸಿನಲ್ಲೇ, ಗುಮಾಸ್ತನಾಗಿ ಸೇರಿದ. ಮೊದಲ ಕಾದಂಬರಿ ಬಂದಿದ್ದು 1847ರಲ್ಲಿ. ಅದು ಪೂರ್ತಿ ಸೋತುಹೋಯ್ತು ಅಂತ ಅವನೇ ಬರ್ಕೊಂಡಿದ್ದಾನೆ. ಅಂಚೆ ಕೆಲಸ ಬಿಟ್ಟಿದ್ದು 1867ರಲ್ಲಿ. ಅಂದ್ರೆ ಮೊದಲ ಪುಸ್ತಕ ಬಂದ ಮೇಲೂ 20 ವರ್ಷ ಡ್ಯೂಟಿ ಮಾಡಿದಾನೆ. ಸಾಯೋ ಹೊತ್ತಿಗೆ ಅವನು ಬರೆದಿದ್ದ ಕಾದಂಬರಿಗಳು 47.

ಹೇಗೆ? ಬೆಳಗ್ಗೆ ಐದೂವರೆಗೆ ಮೇಜಿನ ಮುಂದೆ ಕೂರೋನು. ಎಬ್ಬಿಸಿ ಕಾಫಿ ಕೊಡೋದಕ್ಕೆ ಅಂತಲೇ ಮನೆಯ ಕೆಲಸದವನಿಗೆ ವರ್ಷಕ್ಕೆ 5 ಪೌಂಡ್ ಜಾಸ್ತಿ ಕೊಡ್ತಿದ್ದ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದಿದ್ದನ್ನು ಓದೋದು. ಆಮೇಲೆ ಗಡಿಯಾರ ಎದುರಿಗೆ ಇಟ್ಟುಕೊಂಡು, ಪ್ರತಿ 15 ನಿಮಿಷಕ್ಕೆ 250 ಪದ. ಎಂಟೂವರೆಗೆ ಬರವಣಿಗೆ ಬಂದ್. ತಿಂಡಿ ತಿಂದು ಅಂಚೆ ಕೆಲಸಕ್ಕೆ. ಇಲಾಖೆ ಕೆಲಸದ ಮೇಲೆ ರೈಲಿನಲ್ಲಿ ಓಡಾಡುವಾಗ ತೊಡೆ ಮೇಲೆ ಒಂದು ಹಲಗೆ ಇಟ್ಟುಕೊಂಡು ಪೆನ್ಸಿಲಿನಲ್ಲಿ ಬರೆಯೋನು. ಅದನ್ನ ಹೆಂಡತಿ ನೀಟಾಗಿ ಕಾಪಿ ಮಾಡಿಕೊಡೋಳು. (ಆ ಹೆಂಡತಿಗೆ ಯಾರು ಕಾಫಿ ಮಾಡಿಕೊಡ್ತಿದ್ರೋ, ಆ ವಿಷಯ ಬರೆದಿಲ್ಲ.)

ನನಗೆ ತುಂಬಾ ಇಷ್ಟವಾಗಿದ್ದು ಅವನ ಲೆಕ್ಕದ ಪುಸ್ತಕ. ಕಾದಂಬರಿ ಶುರು ಮಾಡಿದ ತಕ್ಷಣ ಒಂದು ಡೈರಿ ಗೆರೆ ಹಾಕಿಕೊಂಡು, ದಿನಾ ಎಷ್ಟು ಪುಟ ಆಯ್ತು ಅಂತ ಬರೆದಿಡ್ತಿದ್ದ. ಸೋಮಾರಿತನ ಮಾಡಿದ ದಿನ ಅಲ್ಲಿ ಖಾಲಿ ಕಾಣಿಸೋದು, ಆ ಖಾಲಿ ಜಾಗ ಅವನನ್ನೇ ದಿಟ್ಟಿಸಿ ನೋಡೋದು. ಕೊನೆಯಲ್ಲಿ ದುಡ್ಡಿನ ಲೆಕ್ಕವೂ ಕೊಟ್ಟಿದಾನೆ, ಪುಸ್ತಕವಾರು ಪಟ್ಟಿ. ಒಟ್ಟು 68,939 ಪೌಂಡ್, 17 ಶಿಲ್ಲಿಂಗ್, 5 ಪೆನ್ನಿ. ಐದು ಪೆನ್ನಿಯನ್ನೂ ಬಿಟ್ಟಿಲ್ಲ! ನಮ್ಮ ಹಾಸ್ಟೆಲ್ ಮೆಸ್ ಬಿಲ್ ಕೂಡ ಇಷ್ಟು ಕರಾರುವಾಕ್ಕಾಗಿ ಇರಲ್ಲ.

ಅವನು ತೀರಿಕೊಂಡ ಮೇಲೆ 1883ರಲ್ಲಿ ಈ ಆತ್ಮಕಥೆ ಬಂತು. ಆಗ ಎಷ್ಟೋ ಜನಕ್ಕೆ ಬೇಜಾರಾಯ್ತಂತೆ. ಕಲೆ ಅಂದ್ರೆ ಸ್ಫೂರ್ತಿ, ಈ ಮನುಷ್ಯ ನೋಡಿದ್ರೆ ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕ್ತಾನಲ್ಲ ಅಂತ. ಅದಕ್ಕೆ ಅವನ ಉತ್ತರ ಆ ಪುಸ್ತಕದಲ್ಲೇ ಇದೆ. ಚಮ್ಮಾರ ಒಂದು ಜೊತೆ ಚಪ್ಪಲಿ ಮುಗಿಸಿ ಅದನ್ನೇ ನೋಡ್ತಾ ಕೂರಲ್ಲ, ಮುಂದಿನ ಜೊತೆಗೆ ಕೈ ಹಾಕ್ತಾನೆ, ನಾನೂ ಹಾಗೇ ಅನ್ನೋ ಅರ್ಥದ ಮಾತು.

ಅದನ್ನ ಓದಿದಾಗ ನನಗೆ ನೆನಪಾಗಿದ್ದು ಚಮ್ಮಾರ ಅಲ್ಲ, ನಮ್ಮಪ್ಪ. ಒಂದು ಕಾಯಿಲ್‌ಗೆ 60 ಸುತ್ತು ಅಂದ್ರೆ 60. ಐವತ್ತೆಂಟು ಸುತ್ತಿ ‘ಇವತ್ತು ಮೂಡ್ ಇಲ್ಲ’ ಅಂದ್ರೆ ಕರೆಂಟ್ ಜಾಸ್ತಿ ಎಳೆಯುತ್ತೆ, ಬಿಸಿಯಾಗುತ್ತೆ, ಮೋಟರ್ ಮತ್ತೆ ಸುಟ್ಟು ಅಂಗಡಿಗೇ ವಾಪಸ್. ಚಿಕ್ಕವಳಿದ್ದಾಗ ಸ್ಕೂಲಿಂದ ಸೀದಾ ಅಂಗಡಿಗೆ ಬರ್ತಿದ್ದೆ. ಅಪ್ಪ ಸುತ್ತುವಾಗ ಮಾತಾಡಿಸಿದ್ರೆ ಕೈ ಎತ್ತಿ ತಡೀತಿದ್ರು, ತುಟಿ ಮಾತ್ರ ಅಲ್ಲಾಡ್ತಿತ್ತು. ನಲವತ್ತೊಂದು, ನಲವತ್ತೆರಡು. ಆ ಅಪ್ಪನ ಮಗಳಾಗಿ ನಾನು ಮೂಡಿಗೋಸ್ಕರ ಕಾಯ್ತಾ ಕೂತಿದ್ದೆ!

*

ಸಮಯದ ಸಮಸ್ಯೆಗೆ ಟ್ರೊಲೋಪ್ ಉತ್ತರ ಕೊಟ್ಟ. ಆದರೆ ನನಗೆ ಇನ್ನೊಂದು ದೊಡ್ಡ ಸಮಸ್ಯೆ ಇತ್ತು. ಅದು ಭಾಷೆ.

ನನ್ನ ಕಾದಂಬರಿ ಆ ಅಂಗಡಿ ಬೀದಿಯ ಬಗ್ಗೆ. ಮಳೆ ಕೈಕೊಟ್ಟ ಒಂದು ವರ್ಷ, ಬೋರ್‌ವೆಲ್ ಬತ್ತಿ, ಒಂದೇ ಮೋಟರು ಮತ್ತೆ ಮತ್ತೆ ಸುಟ್ಟುಕೊಂಡು ಬರುವ ಒಬ್ಬ ರೈತ, ಅವನಿಗೆ ಸಾಲದ ಮೇಲೆ ರಿಪೇರಿ ಮಾಡಿಕೊಡೋ ಒಬ್ಬ ಅಂಗಡಿಯವನು. ಮೊದಲು ಇಂಗ್ಲಿಷ್‌ನಲ್ಲಿ ಶುರು ಮಾಡಿದ್ದೆ. ವಿವರಣೆ ಎಲ್ಲ ಸರಾಗವಾಗಿ ಬಂತು. ಆದರೆ ರೈತ ಬಾಯಿ ಬಿಟ್ಟ ಕೂಡಲೇ ಸತ್ತುಹೋದ. ಇಂಗ್ಲಿಷ್‌ನಲ್ಲಿ ಅವನು ‘ಸರ್, ಸಂಜೆಯೊಳಗೆ ಸಿದ್ಧವಾಗುತ್ತದೆಯೇ?’ ಅಂತ ಬ್ಯಾಂಕ್ ಮ್ಯಾನೇಜರ್ ಥರ ಕೇಳ್ತಿದ್ದ. ನಿಜವಾದ ರೈತ ನಮ್ಮ ಅಂಗಡಿಗೆ ಬಂದು ಹೇಳೋದು ಹೀಗೆ: “ಅಣ್ಣೋ, ಸಂಜೀಕಾದ್ರೂ ಕೊಡ್ತೀಯೋ, ಇಲ್ಲಾ ನನ್ನ ತೋಟ ಒಣಗಿಸಿಬಿಡ್ತೀಯೋ?” ಈ ಒಂದು ಮಾತಿನಲ್ಲಿ ಸಲಿಗೆ ಇದೆ, ಸಿಟ್ಟಿದೆ, ಭಯ ಇದೆ. ಇಂಗ್ಲಿಷ್‌ಗೆ ಹಾಕಿದ್ರೆ ಭಯ ಒಂದೇ ಉಳಿಯುತ್ತೆ.

ಸರಿ ಅಂತ ಕನ್ನಡಕ್ಕೆ ಬಂದೆ. ಇಲ್ಲಿ ಉಲ್ಟಾ ಆಯ್ತು. ರೈತ ಎದ್ದು ಕೂತ, ಕಥೆ ಹೇಳೋಳು ಸತ್ತಳು. ನನಗೆ ಗೊತ್ತಿದ್ದ ಬರವಣಿಗೆಯ ಕನ್ನಡ ಅಂದ್ರೆ ಹತ್ತನೇ ಕ್ಲಾಸಿನ ಎರಡನೇ ಭಾಷೆಯ ಪುಸ್ತಕದ್ದು. ‘ತದನಂತರ ಅವನು ಅಲ್ಲಿಂದ ನಿರ್ಗಮಿಸಿದನು’ ಅಂತ ಬರೆದಿದ್ದೆ. ನನ್ನ ರೂಮ್‌ಮೇಟ್ ಓದಿ, “ಏನೇ, ರೈತ ಹೋದ್ನೋ, ಇಲ್ಲಾ ನಾಟಕ ಮುಗೀತೋ?” ಅಂದಳು. ಹನ್ನೊಂದನೇ ಪುಟಕ್ಕೆ ನಿಂತಿದ್ದಕ್ಕೆ ಅಸಲಿ ಕಾರಣ ಮೂಡ್ ಅಲ್ಲ, ಇದು. ಪದಗಳು ಖಾಲಿಯಾಗಿದ್ದವು. ಇಷ್ಟು ಕಮ್ಮಿ ಕನ್ನಡ ಇಟ್ಟುಕೊಂಡು ಕಾದಂಬರಿ ಬರೆಯೋ ಯೋಗ್ಯತೆ ನನಗೆಲ್ಲಿದೆ ಅನ್ನಿಸಿತ್ತು.

ಆಗ ಓದಿದ್ದು ಹರುಕಿ ಮುರಕಾಮಿ. ಜಪಾನಿನ ಈ ಕಾದಂಬರಿಕಾರನ ಫ್ಯಾನ್‌ಗಳು ನಮ್ಮ ಕ್ಯಾಂಪಸ್‌ನಲ್ಲೂ ಇದ್ದಾರೆ. ಅವರಿಗೂ ಈ ಕಥೆ ಪೂರ್ತಿ ಗೊತ್ತಿರಲಿಕ್ಕಿಲ್ಲ. 1978ರಲ್ಲಿ ಅವನು ಟೋಕಿಯೋದಲ್ಲಿ ಒಂದು ಜಾಝ್ ಬಾರ್ ನಡೆಸ್ತಿದ್ದ. ಏಪ್ರಿಲ್‌ನ ಒಂದು ಮಧ್ಯಾಹ್ನ ಬೇಸ್‌ಬಾಲ್ ಮ್ಯಾಚ್ ನೋಡ್ತಾ ಕೂತಿದ್ದಾಗ, ಬ್ಯಾಟ್ಸ್‌ಮನ್ ಚೆಂಡು ಹೊಡೆದ ಕ್ಷಣ, ನಾನೂ ಒಂದು ಕಾದಂಬರಿ ಬರೀಬಹುದು ಅಂತ ಸುಮ್ಮನೆ ಹೊಳೀತಂತೆ. ಎಲ್ಲರೂ ಹೇಳೋದು ಈ ಭಾಗವನ್ನೇ. ಬ್ಯಾಟಿನ ಸದ್ದು, ಸ್ಫೂರ್ತಿ, ಇತ್ಯಾದಿ.

ನನಗೆ ಬೇಕಾಗಿದ್ದು ಅದರ ಮುಂದಿನ ಭಾಗ. ರಾತ್ರಿ ಬಾರ್ ಮುಚ್ಚಿ, ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಬರೆದ. ಕೆಲವು ತಿಂಗಳಾದ ಮೇಲೆ ಓದಿ ನೋಡಿದರೆ ಬೋರಾಗಿತ್ತು. ತಾನು ‘ಸಾಹಿತ್ಯ’ ಬರೆಯೋಕೆ ಹೊರಟಿದ್ದೇ ತಪ್ಪು ಅನ್ನಿಸಿ, ಒಂದು ಇಂಗ್ಲಿಷ್ ಟೈಪ್‌ರೈಟರ್ ಹೊರಗೆ ತೆಗೆದು, ಕಾದಂಬರಿಯ ಶುರುವಿನ ಭಾಗವನ್ನ ಇಂಗ್ಲಿಷ್‌ನಲ್ಲಿ ಬರೆದ. ಅವನ ಇಂಗ್ಲಿಷ್ ಅಷ್ಟಕ್ಕಷ್ಟೇ. ಪದಗಳು ಕಮ್ಮಿ, ಹಾಗಾಗಿ ವಾಕ್ಯಗಳೂ ಚಿಕ್ಕವು. ತಲೆಯಲ್ಲಿ ಎಷ್ಟೇ ದೊಡ್ಡ ಯೋಚನೆ ಇದ್ದರೂ ಸರಳ ಪದದಲ್ಲೇ ಹೇಳಬೇಕು, ಅಲಂಕಾರ ಎಲ್ಲ ಕಿತ್ತು ಹಾಕಬೇಕು. ಆಮೇಲೆ ಅದನ್ನೇ ಜಪಾನಿ ಭಾಷೆಗೆ ತಂದ. ಆಗ ಅವನದೇ ಆದ ಒಂದು ಜಪಾನಿ ಸಿಕ್ಕಿತು. ಆ ಪುಸ್ತಕಕ್ಕೆ 1979ರಲ್ಲಿ ಹೊಸ ಲೇಖಕರಿಗೆ ಕೊಡೋ ಬಹುಮಾನ ಬಂತು.

ಇದನ್ನ ನಾನು ಎರಡು ಸಲ ಓದಿದೆ. ಪದಗಳು ಕಮ್ಮಿ ಇರೋ ಜಾಗಕ್ಕೆ ಆ ಮನುಷ್ಯ ತಾನಾಗೇ ಹುಡುಕಿಕೊಂಡು ಹೋದ. ನನಗೆ ಆ ಜಾಗ ಇಂಗ್ಲಿಷ್ ಮೀಡಿಯಂ ಸ್ಕೂಲಿನಿಂದ ಪುಕ್ಕಟೆ ಸಿಕ್ಕಿದೆ! ‘ನಿರ್ಗಮಿಸಿದನು’ ನನ್ನ ಪದ ಅಲ್ಲ, ಸಾಲ ತಂದಿದ್ದು. ‘ಹೋದ’ ನನ್ನದು. ‘ಹೋದ’ ಅಂತ ಬರೆದ್ರೆ ರೈತ ನಿಜವಾಗ್ಲೂ ಹೋಗ್ತಾನೆ.

ಇನ್ನೊಂದು ಕಥೆ ನಮ್ಮವರದೇ. ಕುವೆಂಪು ಮೊದಲು ಕವಿತೆ ಬರೆದಿದ್ದು ಇಂಗ್ಲಿಷ್‌ನಲ್ಲಿ ಅಂತ ಸ್ಕೂಲಿನಲ್ಲಿ ಯಾರೋ ಹೇಳಿದ್ದರು, ನಾನು ಅಷ್ಟಾಗಿ ತಲೆಗೆ ಹಾಕ್ಕೊಂಡಿರಲಿಲ್ಲ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ಅವರು ತಮ್ಮ ಇಂಗ್ಲಿಷ್ ಕವಿತೆಗಳನ್ನು ತೋರಿಸಿದರು. ನಿಮ್ಮ ಭಾಷೆಯಲ್ಲಿ ಏನು ಬರೆದಿದ್ದೀರಿ ಅಂತ ಕಸಿನ್ಸ್ ಕೇಳಿದರು, ಮಾತೃಭಾಷೆಯಲ್ಲಿ ಬರೆಯಿರಿ ಅಂದರು. ಕುವೆಂಪು ಹುಟ್ಟಿದ್ದು 1904ರ ಡಿಸೆಂಬರ್ ಕೊನೆಯಲ್ಲಿ. ಲೆಕ್ಕ ಹಾಕಿ. ಆಗ ಅವರಿಗೆ ಹತ್ತೊಂಬತ್ತು. ನನಗೂ ಹತ್ತೊಂಬತ್ತು. ಹೋಲಿಕೆ ಅಲ್ಲಿಗೇ ನಿಲ್ಲುತ್ತೆ, ಗೊತ್ತಿದೆ. ಆದರೆ ಭಾಷೆ ಬದಲಾಯಿಸೋಕೆ ಲೇಟಾಯ್ತು ಅಂತ ಅಳೋ ವಯಸ್ಸು ಇದಲ್ಲ ಅಂತ ಒಂದು ಧೈರ್ಯ ಬಂತು.

*

ಇನ್ನು ಅಪ್ಪನ ಪ್ರಶ್ನೆ. ಹೊಟ್ಟೆ ತುಂಬುತ್ತಾ?

ನಾನು ಹುಡುಕಿದಷ್ಟರಲ್ಲಿ ಸಿಕ್ಕ ಪ್ರಾಮಾಣಿಕ ಉತ್ತರ: ಹೆಚ್ಚಿನವರಿಗೆ ಅದೊಂದರಿಂದಲೇ ಇಲ್ಲ, ಬೇಗ ಅಂತೂ ಇಲ್ಲವೇ ಇಲ್ಲ. ಕನ್ನಡ ಕಾದಂಬರಿಯ ಶುರುವಿನ ದಿನಗಳಲ್ಲಿ ಗಳಗನಾಥರು ಇದ್ದರು, ಈಗಿನ ಹಾವೇರಿ ಜಿಲ್ಲೆಯವರು, ಮೇಷ್ಟ್ರು. ತಾವು ಬರೆದ ಪುಸ್ತಕಗಳನ್ನ ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದವರು. ಇವತ್ತು ನಾವು ಒಂದು ಲಿಂಕ್ ಶೇರ್ ಮಾಡಿ, ಎರಡು ಲೈಕ್ ಬಂದಿಲ್ಲ ಅಂತ ಬೇಜಾರಾಗ್ತೀವಿ. ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದರು, ಪುಸ್ತಕ ಪ್ರಕಾಶನವನ್ನೂ ತಾವೇ ಮಾಡಿದರು. ನಮ್ಮದೇ ಜಿಲ್ಲೆ, ನಮ್ಮ ಕಡೂರಿನ ಒಣ ಬಯಲಿಂದ ಮೇಲಕ್ಕೆ ಹತ್ತಿದರೆ ಅವರ ಕಾಡು. ಎಸ್.ಎಲ್. ಭೈರಪ್ಪ ಹೊಟ್ಟೆಪಾಡಿಗೆ ಚಿಕ್ಕವರಿದ್ದಾಗ ಏನೇನು ಕೆಲಸ ಮಾಡಿದ್ರು ಅಂತ ಅವರ ಆತ್ಮಕಥೆ ‘ಭಿತ್ತಿ’ ಓದಿದ್ರೆ ಗೊತ್ತಾಗುತ್ತೆ. ಆಮೇಲೆ ರಿಟೈರ್ ಆಗೋವರೆಗೂ ಪಾಠ ಮಾಡಿದವರು. ಕುವೆಂಪು ಕೂಡ ಮೇಷ್ಟ್ರೇ, ಮೈಸೂರು ವಿಶ್ವವಿದ್ಯಾಲಯದ ಕುಲಪತಿ ಆದವರು. ಅವರ ಮೊದಲ ಕಾದಂಬರಿ ‘ಕಾನೂರು ಹೆಗ್ಗಡಿತಿ’ 1930ರ ದಶಕದ್ದು, ಎರಡನೆಯದು ‘ಮಲೆಗಳಲ್ಲಿ ಮದುಮಗಳು’ 1967ರಲ್ಲಿ. ಮಧ್ಯೆ ಹತ್ತಿರ ಹತ್ತಿರ 30 ವರ್ಷ.

ನಮ್ಮಂಥವರೂ ಇದ್ದಾರೆ. ವಸುಧೇಂದ್ರ ಓದಿದ್ದು ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್, ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಇ. ಸುಮಾರು ಎರಡು ದಶಕ ಸಾಫ್ಟ್‌ವೇರ್ ಕೆಲಸ ಮಾಡ್ತಾನೇ ಕನ್ನಡದಲ್ಲಿ ಬರೆದರು, ‘ಛಂದ ಪುಸ್ತಕ’ ಕಟ್ಟಿ ಹೊಸಬರ ಪುಸ್ತಕ ಹಾಕಿದರು. ಅವರ ದೊಡ್ಡ ಕಾದಂಬರಿ ‘ತೇಜೋ-ತುಂಗಭದ್ರಾ’ ಬಂದಿದ್ದು 2019ರಲ್ಲಿ. ‘ಘಾಚರ್ ಘೋಚರ್’ ಬರೆದ ವಿವೇಕ ಶಾನಭಾಗರೂ ಇಂಜಿನಿಯರ್. ಅಂದ್ರೆ ಇಂಜಿನಿಯರಿಂಗ್ ಓದ್ತಾ ಕನ್ನಡದಲ್ಲಿ ಬರೀತೀನಿ ಅನ್ನೋದು ವಿಚಿತ್ರ ಏನಲ್ಲ, ನಮಗಿಂತ ಮುಂಚೆ ಆ ದಾರಿಯಲ್ಲಿ ನಡೆದವರಿದ್ದಾರೆ.

ನನಗೆ ಜಾಸ್ತಿ ಹತ್ತಿರ ಅನ್ನಿಸಿದ್ದು ಎಂ.ಕೆ. ಇಂದಿರಾ. ತೀರ್ಥಹಳ್ಳಿ ಕಡೆಯವರು, 1917ರಲ್ಲಿ ಹುಟ್ಟಿದವರು. ಸ್ಕೂಲಿಗೆ ಹೋಗಿದ್ದು ಕೆಲವೇ ವರ್ಷ, ಚಿಕ್ಕ ವಯಸ್ಸಿಗೇ ಮದುವೆ. ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟ ಆಗಿದ್ದು 1963ರಲ್ಲಿ. ಅಷ್ಟೊತ್ತಿಗೆ ಅವರಿಗೆ ನಲವತ್ತೈದು ದಾಟಿತ್ತು. ಅದಾದ ಮೇಲೆ ‘ಗೆಜ್ಜೆಪೂಜೆ’, ‘ಫಣಿಯಮ್ಮ’ ಎಲ್ಲ ಬಂದವು. ಹೆಚ್ಚು ಓದಿಲ್ಲ ಅಂತಲೋ, ವಯಸ್ಸಾಯ್ತು ಅಂತಲೋ ಅವರು ಸುಮ್ಮನಿದ್ದಿದ್ದರೆ ಯಾರೂ ಅವರನ್ನ ತಪ್ಪು ಅಂತಿರಲಿಲ್ಲ. ನನ್ನ ಹತ್ರ ಇದ್ದ ಎಲ್ಲಾ ನೆಪಗಳೂ ಅವರ ಹತ್ರ ಇದ್ದವು, ನನಗಿಂತ ನಿಜವಾದವು.

ಹಾಗಾಗಿ ‘ರೈಟಿಂಗ್ ಕರಿಯರ್’ ಅನ್ನೋ ಮಾತು ಪ್ಲೇಸ್‌ಮೆಂಟ್ ಥರ ಕೇಳಿಸಿದ್ರೂ ಅದು ಹಾಗಿಲ್ಲ. ಆಫರ್ ಲೆಟರ್ ಬರಲ್ಲ. ಒಂದು ಕೆಲಸ ಇರುತ್ತೆ, ಅದರ ಪಕ್ಕದಲ್ಲಿ ದಿನಾ ಸ್ವಲ್ಪ ಸ್ವಲ್ಪ ಇನ್ನೊಂದು ಕೆಲಸ ಬೆಳೆಯುತ್ತೆ. ಅದು ಎಷ್ಟು ವರ್ಷ ಅಂತ ಯಾರೂ ಹೇಳಲ್ಲ. ಅಪ್ಪನಿಗೆ ಕೊಡೋಕೆ ಉತ್ತರ ಸಿಕ್ತು: ಹೊಟ್ಟೆ ತುಂಬಿಸೋಕೆ ಬೇರೆ ಕೆಲಸ ಮಾಡ್ತೀನಿ ಅಪ್ಪ, ಅದಕ್ಕೇ ಮ್ಯಾಥ್ಸ್ ಪಾಸಾಗ್ತೀನಿ. ಆದ್ರೆ ಇದನ್ನೂ ಬಿಡಲ್ಲ.

*

ಫೆಬ್ರವರಿ 1ರಿಂದ ಶುರು ಮಾಡಿದೆ. ನಿಯಮ ಒಂದೇ. ಬೆಳಗ್ಗೆ ಮೆಸ್ಸಿಗೆ ಹೋಗೋ ಮುಂಚೆ ಹಾಸ್ಟೆಲ್ ರೀಡಿಂಗ್ ರೂಮಿನಲ್ಲಿ 15 ನಿಮಿಷ ಕಾದಂಬರಿ, ಅದಾದ ತಕ್ಷಣ 45 ನಿಮಿಷ ಮ್ಯಾಥ್ಸ್. ಲ್ಯಾಬ್ ರೆಕಾರ್ಡ್‌ನ ಉಳಿದ ಹಾಳೆಗಳಲ್ಲಿ ಪೆನ್ನಿನಲ್ಲಿ ಬರೆಯೋದು. ಫೋನ್ ಕೈಗೆತ್ತಿಕೊಂಡ್ರೆ ಇನ್‌ಸ್ಟಾಗ್ರಾಮ್ ಇರುತ್ತಲ್ಲ, ಅದಕ್ಕೆ.

ಮೊದಲ ದಿನ 250 ಪದ ಟಾರ್ಗೆಟ್ ಇಟ್ಟುಕೊಂಡೆ. ಆಗಿದ್ದು 38. ಇಪ್ಪತ್ತು ವರ್ಷ ಅಂಚೆ ಇಲಾಖೆಯಲ್ಲಿ ರಿಪೋರ್ಟ್ ಬರೆದು ಬರೆದು ಕೈ ಪಳಗಿದವನ ಸ್ಪೀಡ್ ನನಗೆಲ್ಲಿ ಬರಬೇಕು? ಆಮೇಲೆ ಒಂದು ಸಮಾಧಾನ ಕಂಡುಕೊಂಡೆ. ಕನ್ನಡದ ಒಂದು ಪದ ಇಂಗ್ಲಿಷ್‌ನ ಒಂದು ಪದ ಅಲ್ಲ. ‘ಮನೆಯಲ್ಲಿದ್ದವನಿಗೂ’ ಅನ್ನೋದು ನಮಗೆ ಒಂದೇ ಪದ. ಇಂಗ್ಲಿಷ್‌ನಲ್ಲಿ ಹೇಳೋಕೆ ಏಳೆಂಟು ಪದ ಬೇಕು. ಅದಕ್ಕೆ ನನ್ನ ಟಾರ್ಗೆಟ್ 60ಕ್ಕೆ ಇಳಿಸಿದೆ. 60 ಸುತ್ತು, ಒಂದು ಕಾಯಿಲ್.

ಟ್ರೊಲೋಪ್ ಥರ ಒಂದು ಲೆಕ್ಕದ ಪಟ್ಟಿಯನ್ನೂ ಇಟ್ಟೆ. ತಾರೀಖು, ಪದಗಳು. ಮೇ 11ಕ್ಕೆ ನೂರು ದಿನ ಆಯ್ತು. ಬರೆದ ದಿನ 61, ಸೊನ್ನೆ ಬಿದ್ದ ದಿನ 39. ಇಂಟರ್ನಲ್ಸ್ ವಾರದಲ್ಲಿ ಸಾಲಾಗಿ ಸೊನ್ನೆ. ಕಾಲೇಜ್ ಫೆಸ್ಟ್ ವಾರ ಸೊನ್ನೆ. ಜ್ವರ ಬಂದ ಮೂರು ದಿನದಲ್ಲಿ ಒಂದು ದಿನ ಮಾತ್ರ 22 ಪದ, ಅದೂ ಸುಮ್ಮನೆ ಹಠಕ್ಕೆ. ಒಟ್ಟು 3,904 ಪದ. ಒಂದು ಕಾದಂಬರಿಗೆ 50,000 ಪದ ಅಂತ ಇಟ್ಟುಕೊಂಡರೆ, ಇದೇ ಸ್ಪೀಡಿನಲ್ಲಿ 1,280 ದಿನ. ಮೂರೂವರೆ ವರ್ಷ. ಅಂದ್ರೆ ಡಿಗ್ರಿ ಮುಗಿದು, ದೇವರ ದಯದಿಂದ ಕೆಲಸ ಸಿಕ್ಕಿ, ಲೋನ್ ಕಟ್ಟೋಕೆ ಶುರು ಮಾಡಿದ ಮೇಲೂ ಬರೀತಿರ್ತೀನಿ. ಮೊದಲು ಈ ನಂಬರ್ ನೋಡಿ ತಲೆ ತಿರುಗಿತು. ಆಮೇಲೆ ಯೋಚಿಸಿದೆ, ಬರೆಯದೇ ಇದ್ದರೂ ಆ 1,280 ದಿನ ಹೇಗಿದ್ದರೂ ಹೋಗುತ್ತೆ.

ಇದರಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಲ್ಲ. ಲೆಕ್ಕ ಇಟ್ಟ ಮಾತ್ರಕ್ಕೆ ಬರವಣಿಗೆ ಚೆನ್ನಾಗಾಗಲ್ಲ. 60 ಮುಟ್ಟಿಸೋಕೆ ಅಂತ ಮೋಡದ ಬಗ್ಗೆ ನಾಲ್ಕು ಸಾಲು ಎಳೆದ ದಿನಗಳಿವೆ. ಮುರಕಾಮಿಯೂ ದಿನಕ್ಕೆ ಇಂತಿಷ್ಟೇ ಪುಟ ಅಂತ ಬರೀತಾನಂತೆ, ಬರೆಯೋ ಹುಮ್ಮಸ್ಸು ಇನ್ನೂ ಇದ್ದರೂ ಅಲ್ಲಿಗೇ ನಿಲ್ಲಿಸ್ತಾನೆ. ಆದರೆ ಅದಾದ ಮೇಲೆ ಪೂರ್ತಿ ಪುಸ್ತಕವನ್ನ ಮತ್ತೆ ಮತ್ತೆ ತಿದ್ದುತ್ತಾನೆ, ಹೆಂಡತಿಗೆ ಓದೋಕೆ ಕೊಟ್ಟು ಅವಳು ಬೇಡ ಅಂದಿದ್ದನ್ನ ಮತ್ತೆ ಬರೀತಾನೆ. ಮೊದಲ ಸಲ ಬರೆದಿದ್ದು ಬರೀ ತಂತಿ ಸುತ್ತಿದ ಹಾಗೆ, ಮೋಟರ್ ಓಡುತ್ತೋ ಇಲ್ಲವೋ ಟೆಸ್ಟ್ ಮಾಡೋದು ಇನ್ನೂ ಬಾಕಿ ಇರುತ್ತೆ.

ಮ್ಯಾಥ್ಸ್ ವಿಷಯ ಕೇಳ್ತೀರಾ? ಮೇಕಪ್ ಎಕ್ಸಾಮ್‌ನಲ್ಲಿ ಪಾಸಾದೆ. 46 ಮಾರ್ಕ್ಸ್. ಸ್ಟೇಟಸ್ ಹಾಕೋ ಅಂಥದ್ದಲ್ಲ, ಆದರೆ ಒಂದೇ ರಾತ್ರಿ ಓದಿ ಬಂದಿದ್ದಲ್ಲ.

*

ಮೇ ತಿಂಗಳ ಮಧ್ಯದಲ್ಲಿ ಎರಡು ದಿನ ಊರಿಗೆ ಹೋಗಿದ್ದೆ. ಬೇಸಿಗೆ, ಅಂಗಡಿ ತುಂಬಾ ಸುಟ್ಟ ಮೋಟರು. ಅಪ್ಪನಿಗೆ ಮಾತಾಡೋಕೂ ಪುರುಸೊತ್ತಿಲ್ಲ. ರಾತ್ರಿ ಊಟಕ್ಕೆ ಅಂಗಡಿಗೇ ಬುತ್ತಿ ತಗೊಂಡು ಹೋದೆ. ಅವರು ಊಟ ಮಾಡುವಾಗ, ಬೈತಾರೇನೋ ಅಂತ ಅಂದುಕೊಂಡೇ, “ಅಪ್ಪ, ಒಂದು ಪುಟ ಓದ್ಲಾ?” ಅಂದೆ.

“ಮ್ಯಾಥ್ಸ್ ಆಯ್ತಲ್ಲ, ಓದು” ಅಂದರು.

ಓದಿದೆ. ರೈತ ಮೋಟರ್ ವಾಪಸ್ ತಗೊಂಡು ಹೋಗೋಕೆ ಬರುವ ಭಾಗ. ರಿಪೇರಿ ಆದ ಬೋರ್‌ವೆಲ್ ಮೋಟರಿನಿಂದ ಹಸಿ ವಾರ್ನಿಷ್ ವಾಸನೆ ಬರ್ತಿರುತ್ತೆ, ಆ ವಾಸನೆ ಅಂದ್ರೆ ಅವನಿಗೆ ನೀರು ಬಂದ ಹಾಗೇ, ಅಂತ ಬರೆದಿದ್ದೆ. ನನ್ನ ಪ್ರಕಾರ ಇಡೀ ಹಾಳೆಗಳಲ್ಲಿ ಅದೇ ಬೆಸ್ಟ್ ಸಾಲು.

ಅಪ್ಪ ತುತ್ತು ನುಂಗಿ, ನೀರು ಕುಡಿದು ಹೇಳಿದರು: “ಸಬ್‌ಮರ್ಸಿಬಲ್‌ಗೆ ಎಲ್ಲಿ ವಾರ್ನಿಷ್ ಹಾಕ್ತಾರೆ ಪುಟ್ಟಿ? ಅದು ನೀರೊಳಗೆ ಇರೋದು, ಒಳಗೂ ನೀರೇ ತುಂಬಿರುತ್ತೆ. ಪ್ಲಾಸ್ಟಿಕ್ ಸುತ್ತಿರೋ ತಂತಿ ಅದಕ್ಕೆ. ವಾರ್ನಿಷ್ ಹಾಕೋದು ಆ ಮೇಲಿಡೋ ಮೋಟರಿಗೆ.” ಮೂಲೆಯಲ್ಲಿದ್ದ ಮೋನೋಬ್ಲಾಕ್ ಕಡೆ ಕೈ ತೋರಿಸಿದರು.

ಹತ್ತು ವರ್ಷ ಆ ಅಂಗಡಿಯಲ್ಲೇ ಕೂತು ಹೋಂವರ್ಕ್ ಮಾಡಿದ್ದೀನಿ. ಈಗ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಎರಡನೇ ವರ್ಷ. ನನ್ನ ಬೆಸ್ಟ್ ಸಾಲೇ ತಪ್ಪು. ನನಗೆ ನಗು ಬಂತು, ಅಪ್ಪನೂ ನಕ್ಕರು. ಆಮೇಲೆ ಕೈ ತೊಳೆದುಕೊಂಡು ಬಂದು, ಅವರಾಗಿಯೇ ಕೇಳಿದರು: “ಆಮೇಲೆ? ಅವನು ದುಡ್ಡು ಕೊಟ್ನಾ, ಇಲ್ವಾ?”

“ಇನ್ನೂ ಬರೆದಿಲ್ಲ ಅಪ್ಪ.”

“ಕೊಡಲ್ಲ ಬಿಡು. ಫಸಲು ಬಂದ್ಮೇಲೆ ಕೊಡ್ತೀನಿ ಅಂತಾನೆ” ಅಂತ ಹೇಳಿ ಮತ್ತೆ ತಂತಿ ಕೈಗೆತ್ತಿಕೊಂಡರು. ತುಟಿ ಅಲ್ಲಾಡೋಕೆ ಶುರುವಾಯ್ತು. ನಾನು ಸುಮ್ಮನೆ ಪಕ್ಕದಲ್ಲಿ ಕೂತೆ. ಸುತ್ತುವಾಗ ಮಾತಾಡಿಸಬಾರದು.

ಮಾರನೇ ದಿನ ಬೆಳಗ್ಗೆ ವಾರ್ನಿಷ್ ಸಾಲು ಹೊಡೆದುಹಾಕಿದೆ. ಅದರ ಜಾಗಕ್ಕೆ ಏನು ಬರೀಬೇಕು ಅಂತ ಇನ್ನೂ ಹೊಳೆದಿಲ್ಲ. ಆದರೂ ಆ ದಿನದ ಲೆಕ್ಕದಲ್ಲಿ ಸೊನ್ನೆ ಹಾಕಲಿಲ್ಲ. ರೈತನ ಬಾಯಲ್ಲಿ ‘ಫಸಲು ಬಂದ್ಮೇಲೆ’ ಅಂತ ಹೇಳಿಸಿ, ಅಲ್ಲಿಂದ ಮುಂದಕ್ಕೆ 64 ಪದ ಬರೆದೆ.

ನಿಮ್ಮ ಡ್ರೈವ್‌ನಲ್ಲೂ ಇಂಥದ್ದೊಂದು ಫೈಲ್ ಇರಬಹುದು. ಕಥೆಯೋ, ನಾಟಕವೋ, ಮೂರು ಪುಟದ ಕಾದಂಬರಿಯೋ. ಸೆಮ್ ಮುಗಿದ ಮೇಲೆ ಬರೀತೀನಿ, ಕನ್ನಡ ಇಂಪ್ರೂವ್ ಆದ ಮೇಲೆ ಬರೀತೀನಿ ಅಂತ ಬಿಟ್ಟಿರಬಹುದು. ನಾಳೆ ಬೆಳಗ್ಗೆ ಮೆಸ್ಸಿಗೆ ಹೋಗೋ ಮುಂಚೆ ಒಂದು 15 ನಿಮಿಷ ಅದನ್ನ ಓಪನ್ ಮಾಡಿ ನೋಡಿ. 250 ಪದ ಏನೂ ಬೇಡ, ಬಂದಷ್ಟು ಬರಲಿ. ರೀಡಿಂಗ್ ರೂಮಿನಲ್ಲಿ ಕಿಟಕಿ ಪಕ್ಕದ ಟೇಬಲ್ ಮಾತ್ರ ನನ್ನದು, ಉಳಿದಿದ್ದೆಲ್ಲ ಖಾಲಿ ಇದೆ.